ನಾಲ್ಗಣ್ಣು ಮೀನಿಗೆ ತಕ್ಕ ಗಿಡ

ನಮ್ಮ ಕಿಟ್ಟಿ ಬಡಾವಣೆಯ ಮೀನು ಸಾಕುವವರ ಮಂಡಳಿಗೆ ಮೀನಿನ ವಿಷಯ ಗೊತ್ತಿರಲಿಲ್ಲ ಎಂದರೆ ಅನ್ಯಾಯವಾಗುತ್ತದೆ. ಯಾವ ಮೀನು ಯಾವ ವಿಮಾನದಲ್ಲಿ ಬಂತು, ಮಿಯಾಮಿಯದೋ ಟೊರಾಂಟೋದ್ದೋ, ತಂದವಳು ತಂಗಿಯೋ ಸೊಸೆಯೋ, ಇದೆಲ್ಲ ಪ್ರತಿಯೊಬ್ಬ ಸದಸ್ಯನಿಗೂ ಬಾಯಿಪಾಠವಾಗಿತ್ತು. ಆ ಮೀನು ಏನು ತಿನ್ನುತ್ತದೆ ಎಂಬುದು ಮಾತ್ರ ಅದು ಸತ್ತ ಮೇಲೆ ಚರ್ಚೆಗೆ ಬರುತ್ತಿತ್ತು.

ತಿಂಗಳ ಮೊದಲ ಭಾನುವಾರ ಸಭೆ. ಅಧ್ಯಕ್ಷ ಎವರಾರ್ಡ್ ಗುವೇಯಾ ಅವರ ಮನೆಯ ಕೆಳಗೆ, ಕಂಬಗಳ ನಡುವಿನ ತೆರೆದ ಜಾಗದಲ್ಲಿ ಜೋಲಿ ಬಿಚ್ಚಿ ಕುರ್ಚಿ ಹಾಕುತ್ತಿದ್ದರು. ಗುವೇಯಾ ಬೀಗ, ಮೊಳೆ, ಬಣ್ಣ ಮಾರಿ ದೊಡ್ಡವರಾದವರು. ಅಂಗಡಿಗೆ ಬಂದ ಗಿರಾಕಿ ಏನೂ ಕೊಳ್ಳದೆ ಹೋಗುತ್ತಾನೇನೋ ಎಂದು ನೋಡುವ ನೋಟದಿಂದಲೇ ಮೀನನ್ನೂ ನೋಡುತ್ತಿದ್ದರು. ಅವರ ಬಲಕ್ಕೆ ದಂತವೈದ್ಯ ಬೆಹಾರಿ. ಗುವೇಯಾ ವಾಕ್ಯ ಶುರುಮಾಡುವುದು, ಬೆಹಾರಿ ಅದನ್ನು ಮುಗಿಸುವುದು. ಹೀಗಾಗಿ ಇಬ್ಬರೂ ಅರ್ಧರ್ಧ ಯೋಚಿಸಿದರೆ ಸಾಕಾಗುತ್ತಿತ್ತು. ನಾನು ಮೀನು ಸಾಕುವವಳಲ್ಲ. ಸಭೆಯ ವರದಿ ಬರೆಯಲು ಯಾರಾದರೂ ಟೀಚರ್ ಇರಲಿ ಎಂದು ನನ್ನನ್ನು ಸೇರಿಸಿಕೊಂಡಿದ್ದರು. ಮಿಸೆಸ್ ಗುವೇಯಾರ ಕೈಯಡುಗೆ ಚೆನ್ನಾಗಿತ್ತು, ನಾನೂ ಬಿಡಲಿಲ್ಲ.

ಅಲ್ಲಿ ಎರಡು ಕಂಬಗಳ ನಡುವೆ ಒಂದು ಹಲಗೆ ತೂಗುತ್ತಿತ್ತು. ತನ್ನ ತೊಟ್ಟಿಯಲ್ಲಿ ಮೀನಿನಿಂದ ಮರಿ ಮಾಡಿಸಿದ ಸದಸ್ಯನ ಹೆಸರನ್ನು ಅದರ ಮೇಲೆ ಚಿನ್ನದ ಬಣ್ಣದಲ್ಲಿ ಬರೆಯುವುದು ಪದ್ಧತಿ. ಬಣ್ಣ ಗುವೇಯಾರ ಅಂಗಡಿಯದು. ಹೆಸರುಗಳೂ ಹೆಚ್ಚುಕಡಿಮೆ ಅವರದೇ.

ಆ ಹಲಗೆಯ ಮೇಲೆ ತನ್ನ ಹೆಸರು ಬರಬೇಕು ಎನ್ನುವುದು ಕ್ಲೇರ್ಮಾಂಟ್ ಆಡೋನಿಸ್‌ನ ಆಸೆ. ನನ್ನ ಪಕ್ಕದ ಮನೆಯವನು. ಬಂದರಿನ ಕಸ್ಟಮ್ಸ್‌ನಲ್ಲಿ ಜೀವಮಾನವಿಡೀ ಊರವರ ಪೆಟ್ಟಿಗೆ ಬಿಚ್ಚಿ ನೋಡಿ ನಿವೃತ್ತನಾದವನು. ಅಷ್ಟು ಜನರ ಒಳಗನ್ನು ಕಂಡವನಿಗೆ ಯಾರ ಮೆಚ್ಚುಗೆಯೂ ಬೇಕಾಗಬಾರದು. ಇವನಿಗೆ ಬೇಕಿತ್ತು, ಅದೂ ಗುವೇಯಾರದು. ಮನುಷ್ಯರ ರುಚಿಗೆ ಕಾರಣ ಕೇಳಬಾರದು.

ಅವನ ಮೀನೋ ಯಾವ ವಿಮಾನವನ್ನೂ ಹತ್ತಿರಲಿಲ್ಲ. ನಮ್ಮ ಬೀದಿಯ ಕೊನೆಯಲ್ಲಿ ಸಮುದ್ರದ ಗೋಡೆ. ಗೋಡೆಯಾಚೆಯ ಕೆಸರಿನ ದಂಡೆಯಲ್ಲಿ ಉಬ್ಬರದ ಜೊತೆ ಗುಂಪುಗುಂಪಾಗಿ ತೇಲಿ ಬರುವ ನಾಲ್ಗಣ್ಣು ಮೀನನ್ನು ಅವನು ಬಕೆಟ್ಟಿನಲ್ಲಿ ಮನೆಗೆ ತಂದಿದ್ದ, ಒಂದು ಗಂಡು, ಒಂದು ಹೆಣ್ಣು. ಇರುವುದು ಎರಡೇ ಕಣ್ಣು. ಆದರೆ ಪ್ರತಿ ಕಣ್ಣೂ ನೀರಿನ ಗೆರೆಯಲ್ಲಿ ಎರಡು ಹೋಳು. ಮೇಲಿನ ಹೋಳು ಗಾಳಿಯನ್ನು ನೋಡುತ್ತದೆ, ಕೆಳಗಿನದು ನೀರನ್ನು. ಇಲ್ಲಿ ಅದನ್ನು ಯಾರೂ ತಿನ್ನುವುದಿಲ್ಲ, ಯಾರೂ ಲೆಕ್ಕಕ್ಕಿಡುವುದಿಲ್ಲ. ಹುಡುಗರು ಕಲ್ಲು ಹೊಡೆಯುತ್ತಾರೆ, ಅಷ್ಟೆ.

"ಆಡೋನಿಸ್, ಅದು ಅಕ್ವೇರಿಯಂ ಮೀನಲ್ಲಯ್ಯ," ಎಂದರು ಗುವೇಯಾ, ಅವನು ಮೊದಲ ಸಲ ಸಭೆಯಲ್ಲಿ ಅದರ ಸುದ್ದಿ ಎತ್ತಿದಾಗ. "ಅದು ಸಮುದ್ರದ ಗೋಡೆ ಹತ್ರ ಅಡ್ಡಾಡೋ..."

"ಪೋಲಿ," ಎಂದ ಬೆಹಾರಿ.

"ಸವುಳು ನೀರಿಂದು ಮಿಸ್ಟರ್ ಗುವೇಯಾ. ಅಷ್ಟು ಉಪ್ಪೂ ಅಲ್ಲ, ಸಪ್ಪೆಯೂ ಅಲ್ಲ. ನಮ್ಮಲ್ಲಿ ಇಂಥದ್ದನ್ನ ಯಾರೂ ಮರಿ ಮಾಡ್ಸಿಲ್ಲ."

"ನೊಣಾನೂ ಯಾರೂ ಮರಿ ಮಾಡ್ಸಿಲ್ಲ," ಎಂದರು ಗುವೇಯಾ. ಎಲ್ಲರೂ ನಕ್ಕರು. ನಗು ಮುಗಿಯುವವರೆಗೆ ಕಾದು ಅವರು ದೊಡ್ಡ ಮನಸ್ಸು ಮಾಡಿದರು. "ಆಗ್ಲಿ. ನಿನ್ನ ತೊಟ್ಟೀಲಿ ಮರಿ ಹಾಕ್ಸು, ಹಲಗೆ ಮೇಲೆ ಹೆಸರು ನಾನೇ ಬರೆಸ್ತೀನಿ. ಆದ್ರೆ ಒಂದು ಮಾತು. ಜೀವಂತ ಗಿಡ ಇರ್ಬೇಕು ಅದರಲ್ಲಿ. ಪ್ಲಾಸ್ಟಿಕ್ ತುರುಕಿ ತೊಟ್ಟಿ ಅಂದ್ರೆ ಮಂಡಳಿ ಒಪ್ಪಲ್ಲ."

ಗಿಡವಿಲ್ಲದೆ ಮರಿ ಹೇಗೂ ಆಗುವಂತಿರಲಿಲ್ಲ. ಬೋಳು ಗಾಜಿನ ಪೆಟ್ಟಿಗೆಯಲ್ಲಿ ಆ ಹೆಣ್ಣುಮೀನು ಸೀರೆ ಕಳೆದುಕೊಂಡವಳ ಹಾಗೆ ಮೂಲೆಯಿಂದ ಮೂಲೆಗೆ ಓಡುತ್ತಿತ್ತು. ಬಾಗಿಲು ತೆರೆದರೆ ಗಾಜಿಗೆ ಡಿಕ್ಕಿ, ದೀಪ ಹಾಕಿದರೆ ಮುಚ್ಚಳಕ್ಕೆ ಡಿಕ್ಕಿ. ಮೇಲುಗಣ್ಣಿಗೆ ನಮ್ಮನ್ನೆಲ್ಲ ದಿನವಿಡೀ ನೋಡುವ ಶಿಕ್ಷೆ. ಬಸುರಾಗುವ ಮನಸ್ಸು ಎಲ್ಲಿಂದ ಬರಬೇಕು.

ಆಡೋನಿಸ್ ಮೊದಲು ಮಂಡಳಿಯ ಸಲಹೆ ಕೇಳಿದ. ಕೇಳಬಾರದೆಂದು ಅವನಿಗೇ ಗೊತ್ತಿರಬೇಕಿತ್ತು. ಬೆಹಾರಿ ತನ್ನ ತೊಟ್ಟಿಯಿಂದ ನರಿಬಾಲದಂಥ ಒಂದು ಕೊಳದ ಗಿಡ ಕಿತ್ತುಕೊಟ್ಟ. ಉಪ್ಪು ಬೆರೆತ ನೀರಿನಲ್ಲಿ ಅದು ವಾರದೊಳಗೆ ಕ್ಯಾಲಲೂ ಸೊಪ್ಪಿನ ಸಾರಿನ ಹದಕ್ಕೆ ಬಂತು.

"ಉಪ್ಪು ಕಮ್ಮಿ ಮಾಡಪ್ಪ."

"ಕಮ್ಮಿ ಮಾಡಿದ್ರೆ ಮೀನಿನ ಮೈಗೆ ಬಿಳೀ ಬೂಷ್ಟು ಹಿಡಿಯತ್ತೆ ಡಾಕ್ಟ್ರೇ. ಒಂದ್ಸಲ ನೋಡಿದೀನಿ."

"ಹಾಗಿದ್ರೆ ಮೀನು ಬದಲಾಯ್ಸು," ಎಂದ ಬೆಹಾರಿ. ಅವನ ಬಳಿ ಹಲ್ಲುನೋವೆಂದು ಹೋದವರಿಗೂ ಹೆಚ್ಚುಕಡಿಮೆ ಇದೇ ಚಿಕಿತ್ಸೆ.

ಆಮೇಲೆ ಯಾರೋ ಹೇಳಿದರೆಂದು ಜಾವಾದ ಜರಿಗಿಡ ತರಿಸಿದ. ಅದು ಗಟ್ಟಿ ಜೀವ. ಉಪ್ಪನ್ನು ಸಹಿಸಿಕೊಂಡು ತಳದಲ್ಲಿ ಕಲ್ಲಿಗೆ ಅಂಟಿ ಕೂತಿತು, ಒಂದೆರಡು ಹೊಸ ಎಲೆಯನ್ನೂ ಬಿಟ್ಟಿತು. ಆದರೆ ಈ ಮೀನು ತಳಕ್ಕೆ ಇಳಿಯುವುದೇ ಇಲ್ಲ. ಸಂಸಾರವೆಲ್ಲ ಮಹಡಿಯ ಮೇಲೆ, ಮಂಚ ಮಂದಲಿಗೆ ಮಾತ್ರ ನೆಲಮಾಳಿಗೆಯಲ್ಲಿ, ಹಾಗಾಯಿತು.

ಒಂದು ಸಂಜೆ ನಾನು ಗಾಳಿಗೆಂದು ಸಮುದ್ರದ ಗೋಡೆಯ ಮೇಲೆ ಕೂತಿದ್ದಾಗ ಆಡೋನಿಸ್ ಪ್ಯಾಂಟು ಮಡಿಸಿಕೊಂಡು ಕೆಸರಿನಲ್ಲಿ ನಿಂತಿದ್ದ. ನೀರು ಇಳಿಯುತ್ತಿತ್ತು. ಕುರೀಡ ಎಂಬ ಕಾಂಡ್ಲಾ ಮರಗಳ ಬುಡದಲ್ಲಿ, ಕೆಸರಿನಿಂದ ಪೆನ್ಸಿಲ್ ಚುಚ್ಚಿಟ್ಟ ಹಾಗೆ ಮೇಲೆದ್ದ ಉಸಿರುಬೇರುಗಳ ಸಂದಿಯಲ್ಲಿ, ನಾಲ್ಗಣ್ಣುಗಳು ಅರ್ಧ ಮೈ ಹೊರಗೆ ಹಾಕಿಕೊಂಡು ಆರಾಮವಾಗಿ ಬಿದ್ದಿದ್ದವು.

"ಮಿಸ್, ನೋಡಿ ಇಲ್ಲಿ," ಎಂದ. "ನಾನು ಇಷ್ಟು ದಿನ ನೀರೊಳಗಿನ ಗಿಡ ಹುಡುಕ್ತಾ ಇದ್ದೆ. ಈ ಮೀನು ಅರ್ಧ ಒಳಗೆ, ಅರ್ಧ ಹೊರಗೆ. ಗಿಡಾನೂ ಹಾಗೇ ಇರ್ಬೇಕು. ಕಾಲು ಕೆಸರಲ್ಲಿ, ತಲೆ ಗಾಳೀಲಿ."

"ನಿನ್ನ ವಯಸ್ಸೆಷ್ಟು ಆಡೋನಿಸ್?"

"ಅರವತ್ಮೂರು."

"ಈ ಗೋಡೆ ಪಕ್ಕದಲ್ಲೇ ಹುಟ್ಟಿದ್ದಲ್ವಾ?"

ಅವನು ಗೋಡೆಯ ಬುಡಕ್ಕೆ ಬಂದ. ಉಬ್ಬರ ಬುಡಸಮೇತ ಕಿತ್ತು ಗೋಡೆಗೆ ತಂದೆಸೆದಿದ್ದ ಮೂರು ಕುರೀಡ ಸಸಿಗಳನ್ನು ಆಯ್ದುಕೊಂಡ. ಒಂದಕ್ಕೆ ಆಗಲೇ ಬುಡದ ಸುತ್ತ ಉಸಿರುಬೇರು ಮೊಳೆತಿತ್ತು. ದಂಡೆಯ ಮೇಲೆ ಹರಡುವ, ಗೋಣಿಸೊಪ್ಪಿನ ಹಾಗೆ ದಪ್ಪೆಲೆಯ ಕಡಲಬಳ್ಳಿಯನ್ನೂ ಒಂದು ಮುಷ್ಟಿ ಕಿತ್ತುಕೊಂಡ. ಮನೆಗೆ ಹೋಗಿ ತೊಟ್ಟಿಯ ನೀರನ್ನು ಅರ್ಧಕ್ಕೆ ಇಳಿಸಿ, ಒಂದು ಬದಿಗೆ ದಂಡೆಯ ಕೆಸರನ್ನೇ ಇಳಿಜಾರಾಗಿ ಒಟ್ಟಿ, ಅದರಲ್ಲಿ ಅವನ್ನು ನೆಟ್ಟ. ಸಸಿಗಳು ತೊಟ್ಟಿಯಿಂದ ತಲೆ ಹೊರಹಾಕಿ ಕಿಟಕಿಯ ಬಿಸಿಲಿಗೆ ನಿಂತವು. ಕುರೀಡದ ಎಲೆ ತಾನು ಕುಡಿದ ಉಪ್ಪನ್ನು ಮೈಮೇಲೆ ಬೆವರಿ ಬಿಡುತ್ತದೆ. ಎಲೆಗಳ ಮೇಲೆ ಸಣ್ಣಗೆ ಬಿಳಿ ಹುಡಿ ಕೂತಿತು. ಬಳ್ಳಿ ನೀರಿನ ಮೇಲೆ ಚಾಚಿ ನೆರಳು ಹಾಸಿತು. ನೋಡಲು ನಮ್ಮ ಬೀದಿಯ ಚರಂಡಿಯ ಒಂದು ತುಂಡನ್ನು ಕೊಯ್ದು ತಂದು ಗಾಜು ಹಾಕಿಸಿದ ಹಾಗಿತ್ತು.

ಹೆಣ್ಣುಮೀನಿಗೆ ಅದು ಅರಮನೆ. ಡಿಕ್ಕಿ ನಿಂತಿತು. ಬೇರುಗಳ ನಡುವೆ ಗದ್ದ ಊರಿ ಮಲಗುವುದನ್ನು ಕಲಿಯಿತು. ನವೆಂಬರಿನ ಹೊತ್ತಿಗೆ ಅದರ ಹೊಟ್ಟೆ ಎರಡೂ ಕಡೆ ಉಬ್ಬಿತ್ತು. ಇದು ಮೊಟ್ಟೆ ಇಡುವ ಜಾತಿಯಲ್ಲ, ಬದುಕಿರುವ ಮರಿಯನ್ನೇ ಹೆರುವ ಜಾತಿ.

ಡಿಸೆಂಬರಿನ ಸಭೆಯಲ್ಲಿ ಆಡೋನಿಸ್ ಎದ್ದು ನಿಂತು ಸುದ್ದಿ ಹೇಳಿದ. ಯಾರೂ ಬಸುರಿನ ಮಾತೆತ್ತಲಿಲ್ಲ.

"ಕುರೀಡ?" ಎಂದರು ಗುವೇಯಾ. "ಸೌದೆ ಮಾಡ್ತಾರಲ್ಲ, ಆ ಕುರೀಡ?"

"ಅದೇ ಸಾರ್."

"ಸೌದೆ ಒಲೆಗೆ ಇಡ್ತಾರಯ್ಯ, ಡ್ರಾಯಿಂಗ್ ರೂಮಲ್ಲಲ್ಲ. ಕೆಸರು ಬೇರೆ. ನಿನ್ನ ಹೆಂಡ್ತಿ ವರ್ನಾ ನಿನ್ನನ್ನ ಮನೆಯೊಳಗೆ ಹೇಗೆ ಬಿಟ್ಕೊಂಡಿದಾಳೆ?" ಮತ್ತೆ ನಗು. "ನೋಡು, ಕ್ರಿಸ್ಮಸ್ ಮಾರನೇ ದಿನ ಎಲ್ಲರ ಮನೆಗೂ ಹೋಗೋ ಹಾಗೆ ನಿನ್ನ ಮನೆಗೂ ಬರ್ತೀವಿ. ಆದ್ರೆ ಚರಂಡಿ ನೋಡೋಕೆ ಬೇರೆ ಮನೆಗೆ ಯಾಕೆ ಬರ್ಬೇಕು? ನನ್ನ ಮನೆ ಮುಂದೇನೇ..."

"ಹರೀತಾ ಇದೆ," ಎಂದ ಬೆಹಾರಿ.

ಹೊರಡುವಾಗ ಗುವೇಯಾ ತಮ್ಮ ತೊಟ್ಟಿಯಿಂದ ನಾಲ್ಕು ಅಮೆಜಾನ್ ಕತ್ತಿಗಿಡಗಳನ್ನು ತೆಗೆದು ಒದ್ದೆ ಕಾಗದದಲ್ಲಿ ಸುತ್ತಿ ಕೊಟ್ಟರು. "ಇದನ್ನ ನೆಡು. ಬಿಳೀ ಮರಳು ಹಾಸು. ಮನುಷ್ಯರ ಮನೆ ಥರ ಕಾಣ್ಲಿ." ಅಮೆಜಾನ್ ಇರುವುದು ನಮ್ಮ ಪಕ್ಕದ ದೇಶದಲ್ಲಿ. ಆದರೆ ಈ ಗಿಡಗಳು ಮಿಯಾಮಿಗೆ ಹೋಗಿ, ಗುವೇಯಾರ ತಂಗಿಯ ಸೂಟ್‌ಕೇಸಿನಲ್ಲಿ ಮರಳಿ ಬಂದವು. ಹಾಗೆ ಬಂದದ್ದಕ್ಕೇ ಅವಕ್ಕೆ ಕುಲ ಬಂದಿತ್ತು.

ಇಷ್ಟರ ಮೇಲೂ ಆಡೋನಿಸ್ ತಡೆದುಕೊಳ್ಳುತ್ತಿದ್ದನೇನೋ. ಆದರೆ ಕ್ರಿಸ್ಮಸ್ ಬಂತು, ಮತ್ತು ನಮ್ಮ ಊರಿನಲ್ಲಿ ಕ್ರಿಸ್ಮಸ್ ಎಂದರೆ ಏಸುವಿಗಿಂತ ಮೊದಲು ಪೊರಕೆ ಬರುತ್ತದೆ. ಹಬ್ಬದ ಹಿಂದಿನ ದಿನ ಬಡವರು ಬಲ್ಲಿದರು ಎನ್ನದೆ ಎಲ್ಲರೂ ಮನೆಯನ್ನು ತಲೆಕೆಳಗು ಮಾಡುತ್ತಾರೆ. ಮಂಚ ಹೊರಗೆ, ಕಪಾಟು ಹೊರಗೆ, ನೆಲಕ್ಕೆ ಮೇಣ, ಕುರ್ಚಿಗೆ ವಾರ್ನಿಶ್. ವರ್ಷವಿಡೀ ಇದ್ದ ಕಿಟಕಿ ಪರದೆ ಕೆಳಗಿಳಿದು ಹೊಸದು ಮೇಲೇರಬೇಕು. ಆ ದಿನ ಮನೆಯಲ್ಲಿ ಅಲುಗಾಡದೆ ಕೂತದ್ದೆಲ್ಲ ತಿಕ್ಕಿಸಿಕೊಳ್ಳುತ್ತದೆ. ನಮ್ಮ ಅಜ್ಜಿಯೊಬ್ಬಳು ನಮ್ಮ ಗಿಳಿಗೆ ಸೋಪು ಹಾಕಿದ್ದಳು.

ಮಧ್ಯಾಹ್ನ ನಾನು ಜರಡಿ ಕೇಳಲು ಹೋದಾಗ ವರ್ನಾ ಏಣಿಯ ಮೇಲಿದ್ದಳು. ನೆಲ ಕನ್ನಡಿಯಾಗಿತ್ತು. ಆ ಕನ್ನಡಿಯ ನಡುವೆ ತೊಟ್ಟಿಯ ಮುಂದೆ ಆಡೋನಿಸ್ ಕುಕ್ಕರಗಾಲಲ್ಲಿ ಕೂತು ಕುರೀಡದ ಎಲೆಗಳನ್ನು ಒಂದೊಂದಾಗಿ ಬಟ್ಟೆಯಿಂದ ಒರೆಸುತ್ತಿದ್ದ.

"ಏನು ಮಾಡ್ತಿದೀಯ?"

"ಧೂಳು ಕೂತಿದೆ ಮಿಸ್."

"ಅದು ಉಪ್ಪು ಅಂತ ನೀನೇ ಹೇಳಿದ್ದು."

"ಉಪ್ಪೇ. ಆದ್ರೆ ನೋಡೋರಿಗೆ ಧೂಳಿನ ಥರ ಕಾಣತ್ತೆ." ಎಲೆ ಒರೆಸಿ ಮುಗಿಸಿ ದೂರ ನಿಂತು ನೋಡಿದ. ಹೊಸ ಪರದೆಯ ಪಕ್ಕದಲ್ಲಿ ಆ ಕೆಸರು ಇನ್ನಷ್ಟು ಕೆಸರಾಗಿ ಕಂಡಿತು. "ಆಗಲ್ಲ ಬಿಡಿ," ಎಂದ. "ಎರಡು ದಿನದ ಮಟ್ಟಿಗೆ. ಅವರು ಬಂದು ಹೋಗೋ ತನಕ."

"ಬಸುರೀನ ಎತ್ತಿ ಹಾಕ್ತೀಯಾ?"

"ಎರಡೇ ದಿನ ಮಿಸ್."

ವರ್ನಾ ಏಣಿಯ ಮೇಲಿಂದ, "ಕೆಸರು ಎತ್ತೋದಾದ್ರೆ ಈಗ್ಲೇ ಎತ್ತು ಆಡೋನಿಸ್. ಒಂದು ತೊಟ್ಟು ನನ್ನ ನೆಲದ ಮೇಲೆ ಬಿದ್ರೆ ನಾಳೆ ಹಬ್ಬದಡುಗೆ ಪೆಪ್ಪರ್‌ಪಾಟಿನಲ್ಲಿ ನಿನ್ನ ಮಾಂಸಾನೇ ಬೇಯತ್ತೆ," ಎಂದಳು.

ಮನೆಯ ಕೆಳಗೆ, ಕಂಬಗಳ ನಡುವಿನ ಬಟ್ಟೆ ಒಗೆಯುವ ಸಿಮೆಂಟ್ ತೊಟ್ಟಿಗೆ ಅವನು ಹಳೆಯ ನೀರು, ಕೆಸರು, ಸಸಿ, ಬಳ್ಳಿ, ಮೀನು ಎಲ್ಲವನ್ನೂ ಬಕೆಟ್ಟು ಬಕೆಟ್ಟಾಗಿ ಸಾಗಿಸಿದ. ಗಾಜನ್ನು ನಿಂಬೆಹಣ್ಣಿನಿಂದ ತಿಕ್ಕಿದ. ಬಿಳಿ ಮರಳು ಹಾಸಿದ. ಕತ್ತಿಗಿಡ ನೆಟ್ಟ. ಅವು ಬಾಡಬಾರದೆಂದು ಉಪ್ಪಿಲ್ಲದ ಮಳೆನೀರು ತುಂಬಿದ. ಗಂಡುಮೀನು ಬಲೆಗೆ ಸಿಕ್ಕಿತು, ಅದನ್ನು ಮೇಲೆ ತಂದು ಬಿಟ್ಟ. ಹೆಣ್ಣು ಕುರೀಡದ ಬೇರುಗಳ ಒಳಗೆ ನುಸುಳಿ ಕೂತಿತ್ತು. ಅವನು ತೋಳು ಮುಳುಗಿಸಿ ತಡಕುತ್ತಿದ್ದಾಗ ಮೇಲಿಂದ ವರ್ನಾ, "ಪರದೆ ಹಿಡ್ಕೊಳ್ಳೋಕೆ ಯಾರಾದ್ರೂ ಗಂಡಸರು ಇದೀರಾ ಈ ಮನೇಲಿ," ಎಂದು ಕೂಗಿದಳು. ಹೆಣ್ಣು ಅಲ್ಲೇ ಉಳಿಯಿತು.

ಆ ಮನುಷ್ಯನ ಬುದ್ಧಿಯನ್ನು ನಾನು ಅಂದು ಪೂರ್ತಿ ಅಳೆದುಬಿಟ್ಟೆ ಎಂದುಕೊಂಡೆ. ಕಂಡುಹಿಡಿದದ್ದನ್ನು ತಾನೇ ಕಿತ್ತು ಕೆಳಗೆ ಎಸೆದು, ನಕ್ಕವರ ಗಿಡವನ್ನು ತಂದು ಮೇಲೆ ಕೂರಿಸಿದ್ದ. ಮಂಡಳಿಯ ಸದಸ್ಯನಾಗಲು ಇದಕ್ಕಿಂತ ಹೆಚ್ಚಿನ ಅರ್ಹತೆ ಬೇಕಿರಲಿಲ್ಲ.

ಹಬ್ಬದ ಮಾರನೇ ದಿನ ಬೆಳಿಗ್ಗೆ ಅವನು ಬೇಲಿಯಾಚೆಯಿಂದ ನನ್ನನ್ನು ಕರೆದ. ದನಿ ಸಣ್ಣಗಿತ್ತು.

"ಮಿಸ್, ಸ್ವಲ್ಪ ಬರ್ತೀರಾ."

ಸಿಮೆಂಟ್ ತೊಟ್ಟಿಯ ಕಲಕು ನೀರಿನ ಮೇಲೆ, ಬೇರುಗಳ ಸಂದಿಯಲ್ಲಿ, ಬಳ್ಳಿಯ ಎಲೆಯಡಿಯಲ್ಲಿ, ಪುಟ್ಟ ಪುಟ್ಟ ಉಬ್ಬುಗಣ್ಣುಗಳು ಜೋಡಿಜೋಡಿಯಾಗಿ ಮೇಲೆದ್ದಿದ್ದವು. ಕಿರುಬೆರಳುದ್ದದ ಮರಿಗಳು, ಏಳೆಂಟಾದರೂ ಇರಬೇಕು. ಹುಟ್ಟಿದ ದಿನವೇ ಪ್ರತಿಯೊಂದೂ ಅರ್ಧ ಕಣ್ಣಿನಿಂದ ನಮ್ಮನ್ನೂ ಅರ್ಧ ಕಣ್ಣಿನಿಂದ ತನ್ನ ಕೆಲಸವನ್ನೂ ನೋಡಿಕೊಳ್ಳುತ್ತಿತ್ತು. ತಾಯಿ ಬೇರಿಗೆ ಒರಗಿ, ಹೊಟ್ಟೆ ಇಳಿದು, ಸುಸ್ತಾಗಿ ಬಿದ್ದಿತ್ತು.

ಆಡೋನಿಸ್‌ನ ಮುಖವನ್ನು ವರ್ಣಿಸುವುದು ಬೇಡ. ಅರವತ್ತು ದಾಟಿದವರ ಮೇಲೆ ಅಂಥ ಮುಖ ಅಷ್ಟು ಚೆನ್ನಾಗಿರುವುದಿಲ್ಲ.

"ಮೇಲೆ ಏನೂ ಹೇಳ್ಬೇಡಿ ಮಿಸ್. ಅವರು ಮೊದಲು ಆ ತೊಟ್ಟಿ ನೋಡ್ಲಿ. ಆಮೇಲೆ ಕೆಳಗೆ ಕರ್ಕೊಂಡು ಬಂದು ತೋರಿಸ್ತೀನಿ."

ಮಂಡಳಿ ಹನ್ನೊಂದಕ್ಕೆ ಬಂತು. ಕರಿ ಕೇಕು, ಶುಂಠಿ ಬೀರು. ಗುವೇಯಾ ತೊಟ್ಟಿಯ ಮುಂದೆ ನಿಂತು, ತಾವೇ ಕೊಟ್ಟ ಗಿಡಗಳನ್ನು ಹೊಸದಾಗಿ ಪರಿಚಯವಾದವರ ಹಾಗೆ ನೋಡಿದರು. ಗಂಡುಮೀನು ಅವರಿಗೆ ಬೆನ್ನು ತಿರುಗಿಸಿ ಮೂಲೆಯಲ್ಲಿ ಗಾಜಿಗೆ ಮೂತಿ ಒತ್ತಿಕೊಂಡಿತ್ತು. ಮೀನನ್ನು ಯಾರೂ ನೋಡಲಿಲ್ಲ.

"ಈಗ ಮನುಷ್ಯ ಆದೆ ಆಡೋನಿಸ್. ನೋಡಿ ಎಲ್ಲರೂ. ಗಿಡ ಅಂದ್ರೆ..."

"ಇದು," ಎಂದ ಬೆಹಾರಿ.

"ಮರಿ ಗಿರಿ ಎಲ್ಲ ಹಾಗಿರ್ಲಿ. ಇಷ್ಟು ಚೊಕ್ಕಟವಾಗಿ ಇಟ್ಕೊಂಡಿದೀಯ. ಜನವರಿ ಸಭೆಗೆ ಬಾ, ಹಲಗೆ ಮೇಲೆ ನಿನ್ನ ಹೆಸರು ಬರೆಸೋಣ."

ಎಲ್ಲರೂ ಚಪ್ಪಾಳೆ ತಟ್ಟಿದರು. ವರ್ನಾ ಇನ್ನೊಂದು ಸುತ್ತು ಕೇಕು ಕೊಯ್ದಳು. ಆಡೋನಿಸ್ ನಕ್ಕ, ಆದರೆ ಪೂರ್ತಿಯಲ್ಲ. ದೊಡ್ಡ ನಗುವನ್ನು ಕೆಳಗಿನದಕ್ಕೆಂದು ಉಳಿಸಿಟ್ಟುಕೊಂಡ ಹಾಗಿತ್ತು.

"ಮಿಸ್ಟರ್ ಗುವೇಯಾ, ಕೆಳಗೆ ಒಂದು ತೋರಿಸ್ಬೇಕು."

ಗುವೇಯಾ, ಅವರ ಹಿಂದೆ ಬೆಹಾರಿ, ಅವರ ಹಿಂದೆ ನಾನು ಮೆಟ್ಟಿಲಿಳಿದೆವು. ಗುವೇಯಾ ಕೇಕಿನ ಅಂಟು ಬೆರಳುಗಳನ್ನು ನೆಕ್ಕುತ್ತ ಸಿಮೆಂಟ್ ತೊಟ್ಟಿಗೆ ಬಗ್ಗಿದರು. ಕೆಸರು, ಸೌದೆಯ ಸಸಿ, ಅಲ್ಲಲ್ಲಿ ಜೋಡಿ ಉಬ್ಬುಗಣ್ಣು. ಅವರು ಬಹಳ ಹೊತ್ತು ನೋಡಿದರು ಎಂದು ಹೇಳಲೇಬೇಕು.

"ಥೂ, ಕಪ್ಪೆ," ಎಂದರು.

ಆಡೋನಿಸ್ ಕಾದ. "ಸರಿಯಾಗಿ ನೋಡಿ ಸಾರ್."

"ನೋಡ್ದೆ ಕಣಯ್ಯ. ಕಪ್ಪೆ ಗೊತ್ತಿಲ್ವಾ ನಂಗೆ? ಮೇಲೆ ಅಷ್ಟು ಚೆಂದ ಮಾಡಿ ಇಲ್ಲಿ ಕಪ್ಪೆ ಬೆಳೆಸಿದೀಯ. ಒಂದು ಮುಚ್ಚಳ ಬ್ಲೀಚು ಸುರಿ, ಎಲ್ಲ..."

"ಹೋಗತ್ತೆ," ಎಂದ ಬೆಹಾರಿ. "ಕಪ್ಪೇನೇ."

ಮೀನು ಸಾಕುವವರ ಮಂಡಳಿಯ ಅಧ್ಯಕ್ಷರು ಮೀನಿನ ಮುಖಕ್ಕೆ ಮುಖ ಕೊಟ್ಟು ನಿಂತಿದ್ದರು. ಒಂದು ಮರಿ ಬಳ್ಳಿಯೆಲೆಯಡಿಯಿಂದ ಈಚೆ ಬಂದು, ಬಾಲ ಆಡಿಸಿ, ಮೇಲುಗಣ್ಣಿನಿಂದ ಅವರನ್ನೊಮ್ಮೆ ನೋಡಿ ಒಳಗೆ ಹೋಯಿತು. ಬಾಲವನ್ನೂ ಅವರು ಕಂಡರು. ಕಂಡರೂ ಅದು ಕಪ್ಪೆಯೇ, ಏಕೆಂದರೆ ಅದು ಕೆಸರಿನಲ್ಲಿತ್ತು.

ನಾನು ಆಡೋನಿಸ್‌ನನ್ನು ನೋಡಿದೆ. ಅವನು ಗುವೇಯಾರನ್ನು ನೋಡುತ್ತಿದ್ದ. ಕಸ್ಟಮ್ಸ್‌ನಲ್ಲಿ ಒಂದು ಭಾರಿ ಪೆಟ್ಟಿಗೆಯನ್ನು ಬೆವರಿಳಿಸಿ ಬಿಚ್ಚಿ, ಒಳಗೆ ಬರೀ ಹಳೇ ಪೇಪರು ಕಂಡಾಗ ಹೀಗೆ ನೋಡುತ್ತಿದ್ದನೇನೋ. ಸಿಟ್ಟಿರಲಿಲ್ಲ. ಮುಚ್ಚಳ ಮುಚ್ಚಿದ, ಅಷ್ಟೆ.

"ಹೌದು ಮಿಸ್ಟರ್ ಗುವೇಯಾ," ಎಂದ. "ಕಪ್ಪೆ."

"ಮತ್ತೆ?"

"ಹಲಗೆ ಮೇಲೆ ನನ್ನ ಹೆಸರು ಬೇಡ."

"ಯಾಕಯ್ಯ?"

"ನಾನು ಕಪ್ಪೆ ಸಾಕೋನು."

ಗುವೇಯಾ ಇದನ್ನು ವಿನಯವೆಂದು ತಿಳಿದು ಅವನ ಬೆನ್ನು ತಟ್ಟಿದರು. ಬೆನ್ನಿನ ಮೇಲೆ ಕೇಕಿನ ಅಂಟು ಉಳಿಯಿತು. ಮಂಡಳಿ ಮುಂದಿನ ಮನೆಗೆ ಹೋಯಿತು.

"ಹೇಳ್ಬಹುದಿತ್ತಲ್ಲ," ಎಂದೆ ನಾನು.

"ಯಾರಿಗೆ ಮಿಸ್?" ಎಂದು ಕೇಳಿ ಅವನು ಮೆಟ್ಟಿಲು ಹತ್ತಿದ. ಸ್ವಲ್ಪ ಹೊತ್ತಿಗೆ ಗಂಡುಮೀನನ್ನು ಬಕೆಟ್ಟಿನಲ್ಲಿ ಇಳಿಸಿಕೊಂಡು ಬಂದ. ಕತ್ತಿಗಿಡಗಳನ್ನು ಆಗಲೇ ಕಿತ್ತು ಬೇಲಿಯಾಚೆ ನನ್ನ ಬಾತುಕೋಳಿಗಳ ಕಡೆ ಎಸೆದಿದ್ದ. ಅವು ಮೂಸಿ ನೋಡಿ ಬಿಟ್ಟುಹೋದವು.

ವರ್ನಾ ಸೊಂಟದ ಮೇಲೆ ಬಟ್ಟೆಯ ಬುಟ್ಟಿ ಇಟ್ಟುಕೊಂಡು ಬಂದು ನಿಂತಳು. "ಆ ಗುವೇಯಾ ಏನಂದ?"

"ಕಪ್ಪೆ ಅಂದ."

ಅವಳು ತೊಟ್ಟಿಗೆ ಇಣುಕಿದಳು. ಒಂದು ಕ್ಷಣಕ್ಕಿಂತ ಹೆಚ್ಚು ಬೇಕಾಗಲಿಲ್ಲ. "ಅವನಿಗೆ ಎರಡು ಚೂರು ಕೇಕು ಜಾಸ್ತಿ ಕೊಟ್ನಲ್ಲ ನಾನು," ಎಂದಳು. "ಸರಿ, ಈ ಬಕೆಟ್ಟು ಯಾಕೆ? ಅದನ್ನೂ ಇದರೊಳಗೇ ಬಿಡು."

"ಬೇಡ. ನಿನ್ನ ದೊಡ್ಡ ಟಬ್ಬು ಕೊಡು, ಒಂದು ಕುರೀಡ ಅದಕ್ಕೆ ಹಾಕಿ ಇವನನ್ನ ಬೇರೆ ಇಡ್ತೀನಿ. ಗಂಡು, ಮರಿಗಳನ್ನ ತಿಂಡಿ ಅನ್ಕೊಂಡ್ರೆ ಕಷ್ಟ."

ವರ್ನಾ ಬುಟ್ಟಿಯನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿದಳು. ಒಗೆಯುವ ಜಾಗ ಕೈತಪ್ಪಿದ್ದು ಅವಳಿಗೆ ಆಗಲೇ ತಿಳಿದಿತ್ತು.

"ಅನ್ಕೊಳ್ಳಿ ಬಿಡು," ಎಂದಳು. "ತಿಂಡಿ ಅನ್ಕೊಳ್ಳೋನು ಕಪ್ಪೆ ಅನ್ನೋನಿಗಿಂತ ವಾಸಿ. ಕೊನೇಪಕ್ಷ ಸರಿಯಾಗಿ ನೋಡಿರ್ತಾನೆ."